ಶಸ್ತ್ರಚಿಕಿತ್ಸೆಯ ನಂತರ ಕಾರು ಓಡಿಸುವುದು: ವಿಮಾ ಕಂಪನಿಗೆ ತಿಳಿಸಬೇಕೆ?

ಮೊಣಕಾಲು, ಹೃದಯ, ಕಣ್ಣು, ಹೊಟ್ಟೆ ಹೀಗೆ ಬೇರೆ ಬೇರೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮನೆಗೆ ಬಂದ ಉತ್ತರ ಕನ್ನಡದ ಓದುಗರು, ಮತ್ತೆ ವಾಹನ ಓಡಿಸುವ ಬಗೆಗೂ ವಾಹನ ವಿಮೆಯ ಬಗೆಗೂ ಕೇಳಿದ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಪತ್ರ ಬರೆದವರ ಹೆಸರುಗಳನ್ನು ಬಿಟ್ಟು ಊರಿನ ಹೆಸರನ್ನಷ್ಟೇ ಉಳಿಸಿಕೊಂಡಿದ್ದೇವೆ. ಉತ್ತರಗಳು ಕಾನೂನಿಗೆ ಮತ್ತು ವಿಮೆಗೆ ಸಂಬಂಧಿಸಿದವು. ಯಾವ ದಿನದಿಂದ ಸ್ಟಿಯರಿಂಗ್ ಹಿಡಿಯಬಹುದು ಎಂಬುದನ್ನು ನಿಮ್ಮನ್ನು ಪರೀಕ್ಷಿಸಿದ ವೈದ್ಯರೇ ಹೇಳಬೇಕು.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ, ವಯಸ್ಸು 64. ಮಂಗಳೂರಿನಲ್ಲಿ ಬಲ ಮೊಣಕಾಲಿನ ಕೀಲು ಬದಲಾವಣೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಒಂದು ತಿಂಗಳಾಯಿತು. ಮನೆಯೊಳಗೆ ಕೋಲಿಲ್ಲದೆ ನಡೆಯುತ್ತೇನೆ. ಶಿರಸಿಯಲ್ಲಿರುವ ಮಗಳ ಮನೆಗೆ ದೇವಿಮನೆ ಘಟ್ಟದ ದಾರಿಯಲ್ಲಿ ನಾನೇ ಕಾರು ಓಡಿಸಿಕೊಂಡು ಹೋಗುವುದು ಹಿಂದಿನಿಂದಲೂ ರೂಢಿ. ಈಗ ಇಂಗ್ಲೆಂಡಿನಲ್ಲಿರುವ ಮಗ, ವಿಮಾ ಕಂಪನಿಗೆ ಮೊದಲು ತಿಳಿಸಿ, ಇಲ್ಲದಿದ್ದರೆ ವಿಮೆ ಸಿಂಧುವಾಗುವುದಿಲ್ಲ ಎಂದು ಫೋನಿನಲ್ಲಿ ಹೇಳುತ್ತಿದ್ದಾನೆ. ನನ್ನ ಏಜೆಂಟರು ಅದೆಲ್ಲ ಏನೂ ಬೇಡ ಎನ್ನುತ್ತಾರೆ. ಯಾರ ಮಾತು ಸರಿ? (ಕುಮಟಾ)

ಉತ್ತರ: ನಿಮ್ಮ ಮಗನ ಎಚ್ಚರ ಅವರಿರುವ ದೇಶದ ಮಟ್ಟಿಗೆ ಸಹಜವಾದದ್ದು. ಶಸ್ತ್ರಚಿಕಿತ್ಸೆಯಾಗಿ ಮೂರು ತಿಂಗಳು ಕಳೆದರೂ ವಾಹನ ಓಡಿಸಲಾಗದ ಸ್ಥಿತಿ ಇದ್ದರೆ, ಅಲ್ಲಿ ಚಾಲನಾ ಪರವಾನಗಿ ನೀಡುವ ಡಿವಿಎಲ್‌ಎ ಎಂಬ ಸಂಸ್ಥೆಗೆ ತಿಳಿಸಲೇಬೇಕು; ಚಾಲನೆಗೆ ಬಾಧಕವಾಗುವ ಕಾಯಿಲೆಯನ್ನು ತಿಳಿಸದೆ ಮುಚ್ಚಿಟ್ಟರೆ 1,000 ಪೌಂಡ್‌ವರೆಗೆ ದಂಡ ವಿಧಿಸಬಹುದು. ನಮ್ಮಲ್ಲಿ ಹಾಗೆ ಮೂರು ತಿಂಗಳೆಂಬ ಗಡುವು ಇಲ್ಲ. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಕಾರಿನ ವಿಮಾ ಕಂಪನಿಗೆ ಪತ್ರ ಬರೆಯಬೇಕೆಂದು 1988ರ ಮೋಟಾರು ವಾಹನ ಕಾಯ್ದೆಯೂ ಹೇಳುವುದಿಲ್ಲ. ಅಷ್ಟರ ಮಟ್ಟಿಗೆ ಏಜೆಂಟರ ಮಾತು ನಿಜ. ಆದರೆ ಅವರು ಅರ್ಧವನ್ನಷ್ಟೇ ಹೇಳಿದ್ದಾರೆ.

ಉಳಿದರ್ಧ ಎರಡು ಕಡೆ ಇದೆ. ಮೊದಲನೆಯದು ಅದೇ ಕಾಯ್ದೆಯ 186ನೇ ಕಲಂ. ತನ್ನ ಕಾಯಿಲೆಯಿಂದಾಗಲಿ ಅಂಗದ ಊನದಿಂದಾಗಲಿ ತಾನು ವಾಹನ ಓಡಿಸಿದರೆ ಸಾರ್ವಜನಿಕರಿಗೆ ಅಪಾಯ ಎಂದು ತಿಳಿದಿದ್ದೂ ಓಡಿಸುವವರಿಗೆ, ಮೊದಲ ಸಲ ಸಾವಿರ ರೂಪಾಯಿ, ಮತ್ತೆ ಮಾಡಿದರೆ ಎರಡು ಸಾವಿರ ರೂಪಾಯಿವರೆಗೆ ದಂಡ ಹಾಕಲು ಅದರಲ್ಲಿ ಅವಕಾಶವಿದೆ. ದಂಡದ ಮೊತ್ತ ಸಣ್ಣದು, ಅದಕ್ಕೆ ಯಾರೂ ಹೆದರುವುದಿಲ್ಲ. ಆದರೆ ಅಪಘಾತವಾಗಿ ಯಾರಿಗಾದರೂ ಪೆಟ್ಟಾದರೆ, ವೈದ್ಯರು ಬೇಡವೆಂದಿದ್ದರೂ ಓಡಿಸಿದರು ಎಂಬ ಒಂದು ಸಾಲು ಪೊಲೀಸರ ಕಡತದಲ್ಲಿ ಸೇರಿದರೆ ಅದರ ಬೆಲೆ ಬೇರೆಯೇ ಆಗುತ್ತದೆ. ಎರಡನೆಯದು, ವಿಮೆಯನ್ನು ಮೊದಲ ಬಾರಿ ಕೊಳ್ಳುವಾಗ ತುಂಬುವ ಪ್ರಸ್ತಾವನಾ ಅರ್ಜಿ. ಚಾಲಕನಿಗೆ ದೃಷ್ಟಿದೋಷ, ಶ್ರವಣದೋಷ ಅಥವಾ ಬೇರೆ ಯಾವುದಾದರೂ ದೈಹಿಕ ಊನ ಇದೆಯೇ ಎಂಬ ಪ್ರಶ್ನೆ ನಮ್ಮ ಖಾಸಗಿ ಕಾರುಗಳ ಅರ್ಜಿಯಲ್ಲಿ ಬಹುಕಾಲದಿಂದ ಇದೆ. ಅರ್ಜಿಯನ್ನು ಏಜೆಂಟರೇ ತುಂಬಿ, ನಾವು ಓದದೆ ಸಹಿ ಹಾಕುವ ರೂಢಿ ಇರುವುದರಿಂದ ಆ ಪ್ರಶ್ನೆಯನ್ನು ನೋಡಿದವರೇ ಕಡಿಮೆ. ಅರ್ಜಿಯಲ್ಲಿ ಕೊಟ್ಟ ಉತ್ತರಗಳು ಸತ್ಯವಾಗಿರಬೇಕೆಂಬುದು, ಕಂಪನಿ ಹಣ ಕೊಡುವುದಕ್ಕೆ ಪಾಲಿಸಿಯಲ್ಲೇ ವಿಧಿಸಿರುವ ಪೂರ್ವ ಷರತ್ತು.

ಹಾಗಾದರೆ ಗುಣವಾಗುತ್ತಿರುವ ಮೊಣಕಾಲು ಊನವೇ? ನನ್ನ ಅಭಿಪ್ರಾಯದಲ್ಲಿ ಅಲ್ಲ. ಕೆಲವು ವಾರಗಳಲ್ಲಿ ಸರಿಹೋಗುವ ನೋವನ್ನೂ ಕಾಯಂ ಉಳಿಯುವ ದೌರ್ಬಲ್ಯವನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕಾಗಿಲ್ಲ. ಕಾಲು ಪೂರ್ತಿ ಮಡಚುವುದಿಲ್ಲ, ಬಲ ಮರಳಿ ಬಂದಿಲ್ಲ ಎಂಬ ಸ್ಥಿತಿ ತಿಂಗಳುಗಟ್ಟಲೆ ಉಳಿದರೆ ಮಾತ್ರ ಕಂಪನಿಗೆ ಒಂದು ಇಮೇಲ್ ಬರೆದು, ಸ್ವೀಕರಿಸಿದ ಉತ್ತರವನ್ನು ಪಾಲಿಸಿಯ ಜೊತೆ ಇಟ್ಟುಕೊಳ್ಳಿ. ಪೂರ್ತಿ ಗುಣವಾದರೆ ವೈದ್ಯರ ಒಪ್ಪಿಗೆಯ ಪತ್ರವೊಂದೇ ಸಾಕು.

ಆ ಒಪ್ಪಿಗೆ ಯಾವಾಗ ಸಿಗುತ್ತದೆ ಎಂಬುದು ನಿಮ್ಮ ಪ್ರಶ್ನೆಯ ನಿಜವಾದ ತಿರುಳು ಎಂದು ತೋರುತ್ತದೆ. ನಮ್ಮ ಕಾರುಗಳಲ್ಲಿ ಎಕ್ಸಲರೇಟರ್ ಮತ್ತು ಬ್ರೇಕ್ ಎರಡೂ ಬಲಗಾಲಿನ ಪಾಲು. ಬಲ ಮೊಣಕಾಲಿನ ಕೀಲು ಬದಲಾಯಿಸಿದ ಮೇಲೆ, ಹಠಾತ್ತನೆ ಬ್ರೇಕ್ ಒತ್ತುವ ವೇಗ ಮೊದಲಿನಂತಾಗಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು, ಕೆಲವರಿಗೆ ಇನ್ನೂ ಹೆಚ್ಚು. ಮನೆಯೊಳಗೆ ಕೋಲಿಲ್ಲದೆ ನಡೆಯುವುದಕ್ಕೂ ಎದುರಿಗೆ ದನ ಅಡ್ಡ ಬಂದಾಗ ಪೂರ್ತಿ ಬಲದಿಂದ ಬ್ರೇಕ್ ತುಳಿಯುವುದಕ್ಕೂ ಬಹಳ ಅಂತರವಿದೆ. ವೈದ್ಯರು ಒಪ್ಪಿದ ಮೇಲೆ, ಮೊದಲು ಅಂಗಳದಲ್ಲಿ ನಿಂತ ಕಾರಿನಲ್ಲಿ ಕುಳಿತು ಬ್ರೇಕನ್ನು ನೋವಿಲ್ಲದೆ, ಅಳುಕಿಲ್ಲದೆ ಮತ್ತೆ ಮತ್ತೆ ತುಳಿಯಲು ಆಗುತ್ತದೆಯೇ ನೋಡಿ. ಆಮೇಲೆ ಊರೊಳಗಿನ ಸಪಾಟು ದಾರಿಯಲ್ಲಿ, ಪಕ್ಕದಲ್ಲಿ ಓಡಿಸಬಲ್ಲವರೊಬ್ಬರನ್ನು ಕೂರಿಸಿಕೊಂಡು ಓಡಿಸಿ. ಘಟ್ಟದ ಸರದಿ ಕೊನೆಯದು. ಶಿರಸಿಯಿಂದ ಕುಮಟೆಗೆ ಇಳಿಯುವಾಗ ಬ್ರೇಕನ್ನೇ ನೆಚ್ಚಿಕೊಳ್ಳದೆ ಕೆಳಗಿನ ಗೇರಿನಲ್ಲಿ ಇಳಿಯಬೇಕಾದ್ದರಿಂದ ಕ್ಲಚ್ಚಿನ ಎಡಗಾಲಿಗೂ ಬಿಡುವಿಲ್ಲ, ತಿರುವು ತಿರುವಿಗೆ ಬಲಗಾಲು ಎಕ್ಸಲರೇಟರಿನಿಂದ ಬ್ರೇಕಿಗೆ ಹಾರುತ್ತಲೇ ಇರಬೇಕು. ಮೊದಲ ಕೆಲವು ಪ್ರಯಾಣಗಳಿಗೆ ಬಸ್ಸು ಹತ್ತುವುದು ಒಳ್ಳೆಯದು. ಇಲ್ಲವೇ ಅಳಿಯಂದಿರಿಗೆ ಕೆಳಗಿಳಿದು ಬಂದು ಕರೆದುಕೊಂಡು ಹೋಗಲು ಹೇಳಿ, ಅದರಲ್ಲಿ ಮುಜುಗರವೇನೂ ಇಲ್ಲ.

ಪ್ರಶ್ನೆ: ನನ್ನ ಯಜಮಾನರಿಗೆ ಹರ್ನಿಯಾ ಶಸ್ತ್ರಚಿಕಿತ್ಸೆಯಾಗಿತ್ತು. ಎರಡು ವಾರ ಕಳೆಯುವ ಮೊದಲೇ ಪೇಟೆಗೆಂದು ಕಾರು ತೆಗೆದುಕೊಂಡು ಹೋದವರು ಸೇತುವೆಯ ಕಟ್ಟೆಗೆ ತಾಗಿಸಿದರು. ಯಾರಿಗೂ ಪೆಟ್ಟಾಗಲಿಲ್ಲ, ಕಾರಿನ ಮುಂಭಾಗ ಜಖಂ ಆಗಿದೆ. ಕಂಪನಿಯ ಪರವಾಗಿ ಹಾನಿಯನ್ನು ಅಂದಾಜು ಮಾಡುವ ಸರ್ವೇಯರ್ ಬಂದು ನೋಡಿದರು, ಮಾತಿನ ನಡುವೆ ಶಸ್ತ್ರಚಿಕಿತ್ಸೆಯ ವಿಷಯ ಹೊರಬಿತ್ತು. ಈಗ ಕಂಪನಿಯವರು ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ ಮತ್ತು ಔಷಧಿ ಚೀಟಿ ಕೇಳುತ್ತಿದ್ದಾರೆ. ಕೊಡಬೇಕೆ? ಕ್ಲೇಮ್ ಹೋದಂತೆಯೇ? (ಅಂಕೋಲಾ)

ಉತ್ತರ: ಕೊಡಿ. ಮುಚ್ಚಿಟ್ಟರೆ ಇಲ್ಲದ ಅನುಮಾನ ಹುಟ್ಟುತ್ತದೆ. ಕ್ಲೇಮ್ ಹೋಯಿತೆಂದು ಈಗಲೇ ತೀರ್ಮಾನಿಸುವ ಕಾರಣವೂ ಇಲ್ಲ.

ನೀವು ಫುಲ್ ಇನ್ಶೂರೆನ್ಸ್ ಎಂದು ಕರೆಯುವ ಪಾಲಿಸಿಯಲ್ಲಿ ಎರಡು ಭಾಗಗಳಿವೆ. ನಿಮ್ಮ ಕಾರಿಗೆ ಆದ ಹಾನಿ ಒಂದು, ಬೇರೆಯವರಿಗೆ ಆದ ಹಾನಿ ಇನ್ನೊಂದು. ಮೊದಲನೆಯದರಲ್ಲಿ ಕಂಪನಿ ಹಣ ಕೊಡದೆ ಇರಬಹುದಾದ ಕಾರಣಗಳನ್ನು ಪಾಲಿಸಿಯಲ್ಲೇ ಮುದ್ರಿಸಿರುತ್ತಾರೆ. ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದವರು ಓಡಿಸಿದರೆಂಬುದು ಪ್ರಮಾಣಿತ ಪಾಲಿಸಿಯ ಆ ಕಾರಣಗಳಲ್ಲಿ ಸೇರಿಲ್ಲ. ಓಡಿಸಿದವರ ಬಳಿ ಚಾಲ್ತಿಯಲ್ಲಿರುವ ಪರವಾನಗಿ ಇರಬೇಕು, ಅವರನ್ನು ಪರವಾನಗಿಗೆ ಅನರ್ಹಗೊಳಿಸಿರಬಾರದು, ಮತ್ತು ಅವರು ಮದ್ಯದ ಅಥವಾ ಮಾದಕ ಔಷಧಿಯ ಅಮಲಿನಲ್ಲಿ ಇರಬಾರದು ಎಂಬುವು ಸೇರಿವೆ. ಔಷಧಿ ಚೀಟಿಯನ್ನು ಕೇಳಿದ್ದು ಈ ಕೊನೆಯ ಷರತ್ತಿಗಾಗಿಯೇ ಇರಬೇಕು. ಪ್ಯಾರಾಸಿಟಮಾಲ್ ಬರೆದಿದ್ದರೆ ಅದರ ಬಗ್ಗೆ ಮಾತೇ ಬೇಡ. ಟ್ರಮಡಾಲ್, ಪ್ರೀಗಾಬಲಿನ್‌ನಂತಹ ಮಾತ್ರೆಗಳಾದರೆ ಅವು ಮಂಪರು ತರುತ್ತವೆ. ಕಾಯ್ದೆಯ 185ನೇ ಕಲಮು, ವಾಹನದ ಮೇಲೆ ಸರಿಯಾದ ಹತೋಟಿ ಇಟ್ಟುಕೊಳ್ಳಲಾಗದಷ್ಟರ ಮಟ್ಟಿಗೆ ಔಷಧಿಯ ಪ್ರಭಾವದಲ್ಲಿರುವುದನ್ನು ಅಪರಾಧವೆನ್ನುತ್ತದೆ. ವೈದ್ಯರೇ ಬರೆದುಕೊಟ್ಟ ಮಾತ್ರೆ ಎಂಬ ಕಾರಣಕ್ಕೆ ಅಲ್ಲಿ ವಿನಾಯಿತಿ ಕಾಣಿಸುವುದಿಲ್ಲ. ಆದರೂ ಮಾತ್ರೆಯ ಹೆಸರು ಚೀಟಿಯಲ್ಲಿರುವುದು ಒಂದು ವಿಷಯ, ಆ ಹೊತ್ತಿಗೆ ಚಾಲಕ ಅಮಲಿನಲ್ಲಿದ್ದ ಎಂಬುದು ಇನ್ನೊಂದು. ಪಾಲಿಸಿಯ ಒಂದು ಹೊರಗಿಡುವ ಷರತ್ತನ್ನು ಮುಂದೆ ಮಾಡಿ ಹಣ ನಿರಾಕರಿಸುವ ಕಂಪನಿಯೇ ಅದನ್ನು ಸಾಬೀತುಪಡಿಸಬೇಕು.

ನಿರಾಕರಿಸಿದರೆ ಕಾರಣಸಹಿತ ಲಿಖಿತ ಪತ್ರ ಕೇಳಿ ಪಡೆಯಿರಿ, ಬಾಯಿಮಾತಿನ ಇಲ್ಲ ಎಂಬ ಉತ್ತರಕ್ಕೆ ಒಪ್ಪಬೇಡಿ. ಮೊದಲು ಅದೇ ಕಂಪನಿಯ ದೂರು ಪರಿಹಾರ ಅಧಿಕಾರಿಗೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ಗ್ರಾಹಕರ ದೂರುಗಳನ್ನು ವಿಚಾರಿಸುವ, ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಕಾರವಾರದಲ್ಲಿರುವ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗದ ದಾರಿಯೂ ತೆರೆದಿದೆ, ಅಲ್ಲಿಗೆ ಎರಡು ವರ್ಷಗಳ ಕಾಲಮಿತಿ.

ಇಷ್ಟು ಹೇಳಿದ ಮೇಲೂ, ಹೊಟ್ಟೆಯ ಹೊಲಿಗೆ ಮಾಯುವ ಮೊದಲು ಕಾರು ಓಡಿಸಿದ್ದು ಸರಿಯಲ್ಲ ಎಂದು ನಿಮ್ಮ ಯಜಮಾನರಿಗೆ ಹೇಳಬೇಕಾಗುತ್ತದೆ. ತುರ್ತಾಗಿ ಬ್ರೇಕ್ ಹಾಕುವಾಗ ಬಲ ಬೀಳುವುದು ಹೊಟ್ಟೆಯ ಸ್ನಾಯುಗಳ ಮೇಲೆಯೇ, ಮತ್ತು ನೋಯುತ್ತದೆ ಎಂಬ ಅಳುಕೇ ಕಾಲನ್ನು ಅರೆಕ್ಷಣ ತಡೆದುಬಿಡುತ್ತದೆ. ಸಿಸೇರಿಯನ್ ಆದವರಿಗೂ ಇದೇ ಮಾತು ಅನ್ವಯಿಸುತ್ತದೆ. ಸೀಟ್ ಬೆಲ್ಟ್ ಹೊಲಿಗೆಗೆ ಒತ್ತುತ್ತದೆ ಎಂದು ಅದನ್ನು ಬಿಟ್ಟು ಓಡಿಸುವವರನ್ನೂ ಕಂಡಿದ್ದೇನೆ. ಬೆಲ್ಟ್ ತಡೆಯಲಾಗದವರು ಇನ್ನೂ ಓಡಿಸುವ ಸ್ಥಿತಿಗೆ ಬಂದಿಲ್ಲ ಎಂದೇ ಅರ್ಥ.

ಪ್ರಶ್ನೆ: ನನಗೆ 68 ವರ್ಷ. ಕಳೆದ ತಿಂಗಳು ಒಂದು ಕಣ್ಣಿನ ಪೊರೆ ತೆಗೆಸಿದ್ದೇನೆ, ಇನ್ನೊಂದು ಕಣ್ಣಿಗೆ ಮುಂದೆ ಮಾಡಿಸಬೇಕು. ಅಡಿಕೆ ವ್ಯಾಪಾರಕ್ಕೆ ಪೇಟೆಗೆ ಹೋಗಿ ಬರುವಾಗ ಕತ್ತಲಾಗುತ್ತದೆ. ಈ ನಡುವೆ ಚಾಲನಾ ಪರವಾನಗಿಯ ಅವಧಿಯೂ ಮುಗಿದಿದೆ. ವಿಮೆ ಮಾತ್ರ ಚಾಲ್ತಿಯಲ್ಲಿದೆ. ತೊಂದರೆ ಇದೆಯೇ? (ಶಿರಸಿ)

ಉತ್ತರ: ಇದೆ, ಮತ್ತು ಅದು ಕಣ್ಣಿಗಿಂತ ಹೆಚ್ಚಾಗಿ ಪರವಾನಗಿಯದು. ಅವಧಿ ಮುಗಿದ ಮೇಲೆ ಹಿಂದೆ ಇದ್ದ 30 ದಿನಗಳ ರಿಯಾಯಿತಿಯನ್ನು ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ತೆಗೆದುಹಾಕಿದೆ. ಆದ್ದರಿಂದ ನವೀಕರಣವಾಗುವ ತನಕ ಕಾರನ್ನು ಶೆಡ್ಡಿನಿಂದ ಹೊರಗೆ ತೆಗೆಯಬೇಡಿ. ಚಾಲ್ತಿ ಪರವಾನಗಿ ಇಲ್ಲದವರು ಓಡಿಸಿದಾಗ ಆದ ಹಾನಿಗೆ ಕಂಪನಿ ಹಣ ನಿರಾಕರಿಸಿದರೆ ನಿಮ್ಮ ಪರವಾಗಿ ವಾದಿಸುವುದು ಕಷ್ಟ. ಪೆಟ್ಟಾದ ದಾರಿಹೋಕರಿಗೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಕಂಪನಿಯಿಂದ ಪರಿಹಾರ ಕೊಡಿಸಿದರೂ, ಆ ಹಣವನ್ನು ಮಾಲೀಕರಿಂದ ವಸೂಲು ಮಾಡಿಕೊಳ್ಳಲು ಕಂಪನಿಗೆ ಅವಕಾಶ ನೀಡುವ ಕ್ರಮವನ್ನು ಸುಪ್ರೀಂ ಕೋರ್ಟ್ 2004ರಲ್ಲಿ ಸ್ವರ್ಣ ಸಿಂಗ್ ಪ್ರಕರಣದಲ್ಲಿ ವಿವರಿಸಿದೆ. ತೋಟವಿರುವವರು ಈ ಮಾತನ್ನು ಎರಡು ಸಲ ಓದಿಕೊಳ್ಳಬೇಕು.

ಅವಧಿ ಮುಗಿದು ಒಂದು ವರ್ಷ ದಾಟದಿದ್ದರೆ ಪರೀಕ್ಷೆಯಿಲ್ಲದೆ ನವೀಕರಿಸಬಹುದು, ದಾಟಿದರೆ ಮತ್ತೆ ಚಾಲನಾ ಪರೀಕ್ಷೆ ಕೊಡಬೇಕು. 40 ದಾಟಿದವರು ನಮೂನೆ 1-ಎ ಎಂಬ ವೈದ್ಯಕೀಯ ಪ್ರಮಾಣಪತ್ರ ಲಗತ್ತಿಸಬೇಕು, ಮತ್ತು ನಿಮ್ಮ ವಯಸ್ಸಿನವರಿಗೆ ಒಮ್ಮೆಗೆ ಐದು ವರ್ಷಕ್ಕಷ್ಟೇ ನವೀಕರಣ ಸಿಗುತ್ತದೆ. ಅರ್ಜಿಯೊಂದಿಗಿನ ಸ್ವಯಂ ಘೋಷಣೆಯಲ್ಲಿ, ಒಳ್ಳೆಯ ಹಗಲು ಬೆಳಕಿನಲ್ಲಿ, ಬೇಕಿದ್ದರೆ ಕನ್ನಡಕ ಹಾಕಿಕೊಂಡು, 25 ಮೀಟರ್ ದೂರದಿಂದ ಕಾರಿನ ನಂಬರ್ ಪ್ಲೇಟನ್ನು ಗುರುತಿಸಬಲ್ಲಿರಾ ಎಂಬ ಪ್ರಶ್ನೆಯೂ ಇರುಳುಗುರುಡು ಇದೆಯೇ ಎಂಬ ಪ್ರಶ್ನೆಯೂ ಇವೆ. ಎರಡನೇ ಕಣ್ಣಿನ ಶಸ್ತ್ರಚಿಕಿತ್ಸೆಯೂ ಮುಗಿದು, ಹೊಸ ಕನ್ನಡಕದ ನಂಬರು ನಿಂತ ಮೇಲೆ ಪ್ರಮಾಣಪತ್ರ ಮಾಡಿಸುವುದು ಜಾಣತನ. ಶಸ್ತ್ರಚಿಕಿತ್ಸೆಯ ನಂತರ ನಂಬರು ನಿಲ್ಲಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಎರಡು ಕಣ್ಣುಗಳ ನೋಟದಲ್ಲಿ ವ್ಯತ್ಯಾಸ ಉಳಿದು, ಎದುರಿನ ವಾಹನಗಳ ಹೆಡ್‌ಲೈಟ್ ಹರಡಿದಂತೆ ಕಾಣುವುದುಂಟು, ಮಳೆ ಹಿಡಿದ ಸಂಜೆಯಲ್ಲಿ ಇನ್ನೂ ಹೆಚ್ಚು. ಶಸ್ತ್ರಚಿಕಿತ್ಸೆಯಿಂದ ದೃಷ್ಟಿ ಸುಧಾರಿಸಿದ್ದನ್ನು ವಿಮಾ ಕಂಪನಿಗೆ ಹೇಳಬೇಕಾದ್ದೇನೂ ಇಲ್ಲ.

ಪ್ರಶ್ನೆ: ನಾನು ಹಳದಿ ಬೋರ್ಡಿನ ಟ್ಯಾಕ್ಸಿ ಇಟ್ಟುಕೊಂಡಿದ್ದೇನೆ, ಹೆಚ್ಚಾಗಿ ಗೋವಾ ಬಾಡಿಗೆ. ಬೈಪಾಸ್ ಶಸ್ತ್ರಚಿಕಿತ್ಸೆಯಾಗಿ ಎರಡು ತಿಂಗಳಾಗುತ್ತಿದೆ. ಬ್ಯಾಂಕಿನ ಕಂತು ನಿಂತಿಲ್ಲ. ಯಾವಾಗ ಶುರು ಮಾಡಬಹುದು? ಅಲ್ಲಿಯವರೆಗೆ ತಮ್ಮನ ಕೈಗೆ ಗಾಡಿ ಕೊಟ್ಟರೆ ವಿಮೆ ಸಿಗುತ್ತದೆಯೇ? (ಕಾರವಾರ)

ಉತ್ತರ: ಬೈಪಾಸಿನಲ್ಲಿ ಸೀಳಿದ ಎದೆಮೂಳೆ ಕೂಡಲು ಆರರಿಂದ ಹನ್ನೆರಡು ವಾರ ಹಿಡಿಯುತ್ತದೆ. ಸ್ವಂತ ಕಾರನ್ನು ಹತ್ತಿರದ ದೂರಕ್ಕೆ ಓಡಿಸುವವರಿಗೂ ಪ್ರಯಾಣಿಕರನ್ನು ಕೂರಿಸಿಕೊಂಡು ಕಾಣಕೋಣದ ಘಟ್ಟ ದಾಟಿ ವಿಮಾನ ನಿಲ್ದಾಣಕ್ಕೆ ಹೊತ್ತು ಹೊತ್ತಿಗೆ ಮುಟ್ಟಿಸಬೇಕಾದವರಿಗೂ ಒಂದೇ ಅಳತೆ ಸಲ್ಲದು. ಬ್ರಿಟನ್ನಿನಲ್ಲಿ ಬಸ್ಸು, ಲಾರಿ ಓಡಿಸುವವರು ಬೈಪಾಸಿನ ನಂತರ ಕನಿಷ್ಠ ಮೂರು ತಿಂಗಳು ವಾಹನ ಮುಟ್ಟುವಂತಿಲ್ಲ, ಆಮೇಲೂ ಹೃದಯದ ಪರೀಕ್ಷೆಗಳಲ್ಲಿ ತೇರ್ಗಡೆಯಾಗಬೇಕು. ಆ ನಿಯಮ ನಮ್ಮ ಮೇಲೆ ಇಲ್ಲ, ಆದರೆ ಅದರ ಹಿಂದಿರುವ ವಿವೇಕ ಟ್ಯಾಕ್ಸಿಗೂ ಹೊಂದುತ್ತದೆ. ಮೂರು ತಿಂಗಳ ತಪಾಸಣೆಯಲ್ಲಿ ನಿಮ್ಮ ಹೃದ್ರೋಗ ತಜ್ಞರಿಗೆ ಕೆಲಸ ಟ್ಯಾಕ್ಸಿ ಓಡಿಸುವುದು ಎಂದು ಸ್ಪಷ್ಟವಾಗಿ ಹೇಳಿ, ಅದನ್ನೇ ಹೆಸರಿಸಿ ಒಪ್ಪಿಗೆ ಬರೆಸಿಕೊಳ್ಳಿ. ಓಡಾಡಬಹುದು ಎಂದಷ್ಟೇ ಬರೆದ ಚೀಟಿ ಉಪಯೋಗಕ್ಕೆ ಬರುವುದಿಲ್ಲ. ಸಾರಿಗೆ ವಾಹನದ ಪರವಾನಗಿಯನ್ನು ಐದು ವರ್ಷಕ್ಕೊಮ್ಮೆ ನಮೂನೆ 1-ಎ ಸಹಿತ ನವೀಕರಿಸಬೇಕಾದ್ದರಿಂದ ಆ ಕಾಗದಗಳು ಮುಂದೆಯೂ ಬೇಕಾಗುತ್ತವೆ.

ತಮ್ಮನಿಗೆ ಕೊಡಬಹುದು. ವಿಮೆ ಇರುವುದು ವಾಹನಕ್ಕೆ. ಮಾಲೀಕರ ಒಪ್ಪಿಗೆಯಿಂದ ಓಡಿಸುವವರ ಬಳಿ ಆ ವರ್ಗದ ಚಾಲ್ತಿ ಪರವಾನಗಿ ಇದ್ದರೆ ಸಾಕು. ತಿಂಗಳ ಸಂಬಳಕ್ಕೆ ಹೊರಗಿನವರನ್ನು ಇಟ್ಟುಕೊಂಡರೆ, ಸಂಬಳದ ಚಾಲಕನಿಗೆ ಪೆಟ್ಟಾದರೆ ಮಾಲೀಕರ ಮೇಲೆ ಬರುವ ಹೊಣೆಗಾರಿಕೆಯ ಹೆಚ್ಚುವರಿ ಪ್ರೀಮಿಯಂ ಕಟ್ಟಿದ್ದೀರಾ ಎಂದು ಪಾಲಿಸಿಯಲ್ಲಿ ನೋಡಿಕೊಳ್ಳಿ. ಇನ್ನೊಂದು ವಿಷಯವನ್ನು ಮನೆಯವರಿಗೂ ತಿಳಿಸಿರಿ. ಮಾಲೀಕ ಚಾಲಕರಿಗೆ ಇರುವ 15 ಲಕ್ಷ ರೂಪಾಯಿಯ ಕಡ್ಡಾಯ ವೈಯಕ್ತಿಕ ಅಪಘಾತ ವಿಮೆ ಅಪಘಾತದ ಗಾಯದಿಂದಾದ ಸಾವಿಗೆ ಮತ್ತು ಕಾಯಂ ಅಂಗನಷ್ಟಕ್ಕೆ ಮಾತ್ರ. ಸ್ಟಿಯರಿಂಗ್ ಹಿಡಿದಿದ್ದಾಗಲೇ ಹೃದಯಾಘಾತವಾದರೂ ಅದು ಕಾಯಿಲೆಯ ಸಾವೆಂದೇ ಲೆಕ್ಕ.

ಪ್ರಶ್ನೆ: ಸೊಂಟದ ಶಸ್ತ್ರಚಿಕಿತ್ಸೆಯಾಗಿ ಮಲಗಿದ್ದಾಗ ಕಾರಿನ ವಿಮೆ ಮುಗಿದುಹೋಯಿತು. ಕಾರು ಅಂಗಳದಲ್ಲೇ ನಿಂತಿತ್ತು. ಈಗ ಏನು ಮಾಡಬೇಕು? (ಹೊನ್ನಾವರ)

ಉತ್ತರ: ಮುಗಿದು 90 ದಿನ ಆಗಿಲ್ಲವಾದರೆ ನಿಮ್ಮ ನೋ ಕ್ಲೇಮ್ ಬೋನಸ್, ಅಂದರೆ ಹಿಂದಿನ ವರ್ಷಗಳಲ್ಲಿ ಕ್ಲೇಮ್ ಮಾಡದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಉಳಿಯುತ್ತದೆ, ತಡಮಾಡದೆ ನವೀಕರಿಸಿ. ಕಂಪನಿ ಕಾರನ್ನು ನೋಡಬೇಕೆನ್ನಬಹುದು. ಅವರೇ ಮನೆಗೆ ಬಂದು ಫೋಟೊ ತೆಗೆದುಕೊಂಡು ಹೋಗುತ್ತಾರೆ, ಆರ್‌ಟಿಒ ಕಚೇರಿಯ ಕೆಲಸವೇನೂ ಇಲ್ಲ. ವಿಮೆಯಿಲ್ಲದೆ ರಸ್ತೆಗೆ ಇಳಿಸಿದರೆ ಮೊದಲ ಸಲವೇ ಎರಡು ಸಾವಿರ ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ನಿಂತ ಕಾರಿಗೆ ವಿಮೆ ಏಕೆ ಎಂದು ಹಲವರು ಕೇಳುತ್ತಾರೆ. ನಮ್ಮ ಕರಾವಳಿಯ ಅಂಗಳಗಳಲ್ಲಿ ತೆಂಗಿನಕಾಯಿ ಬಾನೆಟ್ಟಿನ ಮೇಲೆ ಬಿದ್ದ ಕ್ಲೇಮುಗಳು ಅಪರೂಪವಲ್ಲ.

ಪ್ರಶ್ನೆ: ಸಕ್ಕರೆ ಕಾಯಿಲೆಯಿಂದ ಅಪ್ಪನ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಕೃತಕ ಕಾಲು ಬಂದಿದೆ. ಆಟೊಮ್ಯಾಟಿಕ್ ಗೇರಿನ ಕಾರು ಕೊಂಡರೆ ಎಡಗಾಲಿಗೆ ಕೆಲಸವೇ ಇಲ್ಲ, ಹಾಗಾಗಿ ಯಾರಿಗೂ ಹೇಳಬೇಕಾಗಿಲ್ಲ ಎಂದು ಶೋರೂಮಿನಲ್ಲಿ ಹೇಳಿದರು. (ಭಟ್ಕಳ)

ಉತ್ತರ: ಮೊದಲ ಅರ್ಧ ಸರಿ, ಎರಡನೆಯದು ಪೂರ್ತಿ ತಪ್ಪು. ಈವರೆಗಿನ ಪ್ರಶ್ನೆಗಳಲ್ಲಿ ವಿಮಾ ಕಂಪನಿಗೆ ಹೇಳಲೇಬೇಕಾದ ಸಂದರ್ಭ ಇದೊಂದೇ. ಕೈಯನ್ನಾಗಲಿ ಕಾಲನ್ನಾಗಲಿ ಕಳೆದುಕೊಂಡಿದ್ದೀರಾ ಎಂದು ಪರವಾನಗಿಯ ಸ್ವಯಂ ಘೋಷಣೆಯೇ ನೇರವಾಗಿ ಕೇಳುತ್ತದೆ. ಕಾಯಿಲೆ ಅಥವಾ ಊನದ ಕಾರಣಕ್ಕೆ ಪರವಾನಗಿಯನ್ನು ರದ್ದುಪಡಿಸುವ ಅಧಿಕಾರವೂ ಮೋಟಾರು ವಾಹನ ಕಾಯ್ದೆಯ 16ನೇ ಕಲಮಿನಲ್ಲಿ ಇದೆ. ಆದ್ದರಿಂದ ಕಾರು ಕೊಳ್ಳುವ ಮೊದಲು ಅಪ್ಪನನ್ನು, ಡಿಸ್ಚಾರ್ಜ್ ಸಮ್ಮರಿ ಮತ್ತು ಕೃತಕ ಕಾಲು ಜೋಡಿಸಿದವರ ವರದಿಯ ಸಹಿತ, ಹೊನ್ನಾವರದ ಆರ್‌ಟಿಒ ಕಚೇರಿಗೆ ಕರೆದುಕೊಂಡು ಹೋಗಿ, ಇಂತಹ ಕಾರನ್ನು ಓಡಿಸಲು ಅವರ ಪರವಾನಗಿ ಸಾಲುತ್ತದೆಯೇ, ತಿದ್ದುಪಡಿ ಬೇಕೇ ಎಂದು ಲಿಖಿತವಾಗಿ ಕೇಳಿ. ಊನವುಳ್ಳವರಿಗಾಗಿ ವಿಶೇಷವಾಗಿ ತಯಾರಿಸಿದ ಅಥವಾ ಮಾರ್ಪಡಿಸಿದ ವಾಹನಗಳನ್ನು ಕಾಯ್ದೆ ಪ್ರತ್ಯೇಕವಾಗಿಯೇ ಗುರುತಿಸುತ್ತದೆ, ಮತ್ತು ಕೈಯಿಂದ ನಡೆಸುವ ಬ್ರೇಕಿನಂತಹ ಮಾರ್ಪಾಡು ಮಾಡಿಸಿದರೆ ಅದು ಆರ್‌ಸಿಯಲ್ಲಿಯೂ ಪಾಲಿಸಿಯಲ್ಲಿಯೂ ನಮೂದಾಗಬೇಕು. ಅಂಥ ಮಾರ್ಪಡಿಸಿದ ವಾಹನಗಳಿಗೆ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ರಿಯಾಯಿತಿ ಕೊಡುವ ಪದ್ಧತಿಯೂ ಇರುವುದರಿಂದ, ಹೇಳಿಕೊಳ್ಳುವುದರಿಂದ ನಷ್ಟಕ್ಕಿಂತ ಲಾಭವೇ ಹೆಚ್ಚು.

ಪ್ರಸ್ತಾವನಾ ಅರ್ಜಿಯನ್ನು ಶೋರೂಮಿನವರ ಕೈಗೆ ಬಿಡದೆ ನೀವೇ ತುಂಬಿ. ದೈಹಿಕ ಊನದ ಪ್ರಶ್ನೆಗೆ ಹೌದು ಎಂದು ಬರೆದು, ಕೆಳಗೆ ಎರಡು ಸಾಲಿನ ವಿವರ ಕೊಟ್ಟು, ತುಂಬಿದ ಅರ್ಜಿಯ ಒಂದು ಪ್ರತಿಯನ್ನು ಅಂದೇ ಕೇಳಿ ಪಡೆದುಕೊಳ್ಳಿ.